ಎಳೆ ಎಣಿಸುವ ಕೆಲಸ

ನಮ್ಮ ನಂದಗುಡಿಯ ಕಡೆ ಹಿಪ್ಪುನೇರಳೆ, ರೇಷ್ಮೆಗೂಡು ಎಂದರೆ ಮಕ್ಕಳಿಗೂ ಗೊತ್ತು. ಕಸೂತಿ ಎಂದರೆ ಮಾತ್ರ ದಿಂಬಿನ ಕವರಿನ ಮೇಲೊಂದು ಗುಲಾಬಿ ಹೂ, ಅದರ ಕೆಳಗೆ 'ಸ್ವೀಟ್ ಡ್ರೀಮ್ಸ್', ಅಷ್ಟೆ. ಧಾರವಾಡದ ಕಸೂತಿಯ ದಾರಿಯೇ ಬೇರೆ ಎಂದು ತಿಳಿದದ್ದು ಆ ಕಡೆಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದ ಟೀಚರೊಬ್ಬರಿಂದ. ಅವರು ಇಳಕಲ್ ಸೀರೆ ಉಟ್ಟು ಬಂದ ದಿನ ಸೆರಗನ್ನು ಮಗುಚಿ ನೋಡಿದೆ. ಎಲ್ಲೂ ಒಂದು ಗಂಟಿಲ್ಲ!

"ಹುಡುಕಬ್ಯಾಡ್ರೀ ಅಕ್ಕಾವ್ರ, ಸಿಗೂದಿಲ್ಲ" ಎಂದು ನಕ್ಕರು.

ಇರುವುದು ನಾಲ್ಕೇ ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡೂ ಒಳಗೂ ಹೊರಗೂ ಒಂದೇ ಸಮ. ನೇಯ್ಗಿ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ, ಮೆಂತೆ ಅಡ್ಡಡ್ಡ ದಾಟಿದ ಹೊಲಿಗೆ. ಗೋಪುರ, ತೇರು, ಆನೆ, ತೊಟ್ಟಿಲು, ತುಳಸಿಕಟ್ಟೆ ಎಲ್ಲವೂ ಇಷ್ಟರಲ್ಲೇ ಮೂಡಬೇಕು. ಪೆನ್ಸಿಲ್ ಗುರುತು ಹಾಕುವಂತಿಲ್ಲ. ಬಟ್ಟೆಯ ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಹಾಗಾಗಿ ಎಳೆ ಕಣ್ಣಿಗೆ ಕಾಣುವ ಕೈಮಗ್ಗದ ಬಟ್ಟೆಯೇ ಇದಕ್ಕೆ ಆಧಾರ. ಕ್ರಾಫ್ಟ್ ಪೀರಿಯಡ್ಡಿಗೆ ಹುಡುಗಿಯೊಬ್ಬಳು ನುಣುಪಾದ ಪಾಲಿಯೆಸ್ಟರ್ ತುಂಡು ತಂದಳು. ಲೆಕ್ಕ ತಪ್ಪಿ ತಪ್ಪಿ ಕೊನೆಗೆ, "ಮಿಸ್, ಆನೆ ಮೇಕೆಯಾಯ್ತು" ಎಂದಳು. ಈಗೀಗ ಅಂಥ ಬಟ್ಟೆಯ ಮೇಲೆ ಜಾಲರಿ ಇಟ್ಟು ಹೊಲಿದು, ಆಮೇಲೆ ಜಾಲರಿಯ ಎಳೆಗಳನ್ನು ಎಳೆದು ತೆಗೆಯುತ್ತಾರೆ.

ಕೈನೇಯ್ಗೆಯ ಹತ್ತಿಬಟ್ಟೆಗೆ ಕಸೂತಿ ಹಾಕುವವರು ದೂರದ ಅಮೆರಿಕದಲ್ಲೂ ಇದ್ದಾರೆ. ನ್ಯೂ ಮೆಕ್ಸಿಕೊ, ಅರಿಜೋನಾಗಳ ಮೂಲನಿವಾಸಿ ಪ್ಯೂಬ್ಲೊ ಜನ ಹತ್ತಿಯ ಹೊದಿಕೆಯ ಅಂಚಿಗೆ ಉಣ್ಣೆದಾರದಲ್ಲಿ ಚಿತ್ತಾರ ಹಾಕುತ್ತಾರೆ. ಅವರಲ್ಲೇ ಹೋಪಿ ಎಂಬವರಲ್ಲಿ ಮದುಮಗಳ ಬಿಳಿ ಬಟ್ಟೆ ನೇಯುವುದು ಗಂಡಿನ ಕಡೆಯ ಗಂಡಸರ ಕೆಲಸ. ಇದನ್ನು ಓದಿ ಹೇಳಿದಾಗ ನಮ್ಮ ಟೀಚರ್, "ನಮ್ಮಲ್ಲಿ ಗಂಡಿನ ಕಡೆಯವರು ಎಣಸೂದು ಬ್ಯಾರೇನ ಇರ್ತೈತ್ರಿ" ಎಂದರು. ಆ ಕಡೆಯ ಮದುಮಗಳಿಗೆ ಉಡಿಸುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಗೆ ಎಳೆ ಎಣಿಸಿ ಕಣ್ಣು ಸವೆಸಿದವರು ಹೆಂಗಸರೇ. ಮನೆಗೆಲಸ ಮುಗಿದ ಮೇಲಿನ ಆ ಹೊತ್ತಿಗೆ ಕೂಲಿ ಕಟ್ಟಿದವರು ಯಾರು?

ಕಳೆದ ವರ್ಷ ಸೊಸೆಯ ಸೀಮಂತಕ್ಕೆ ಕಸೂತಿ ಸೀರೆ ಹುಡುಕಿದೆ. ಅಂಗಡಿಯವನು "ಅಪ್ಪಟ ಧಾರವಾಡದ್ದು" ಎಂದು ಹರಡಿದ. ಮಗುಚಿದರೆ ಒಳಗೆಲ್ಲ ಮೆಷಿನ್ನಿನ ದಾರದ ಸಿಕ್ಕು. ಕೊನೆಗೆ ಟೀಚರ್ ಮೂಲಕವೇ ಧಾರವಾಡದ ಹೆಂಗಸೊಬ್ಬರಿಂದ ತರಿಸಿದೆ. ಎರಡು ತಿಂಗಳು ಹಿಡಿಯಿತು. ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾನು ಅವರು ಕೇಳಿದಷ್ಟನ್ನೂ ಕೊಟ್ಟೆ. ಯಜಮಾನರಿಗೆ ಬೆಲೆ ಇನ್ನೂ ಹೇಳಿಲ್ಲ.