ಕೆಮ್ಮೆಂದರೆ ಟಿಬಿ ಒಂದೇ ಅಲ್ಲ

ಎಚ್‌ಐವಿ ಇರುವವರು ಎರಡು ವಾರ ಬಿಡದೆ ಕೆಮ್ಮಿದರೆ ನಮ್ಮ ತುಮಕೂರು ಕಡೆ ಬರುವ ಮಾತು ಒಂದೇ: ‘ಟಿಬಿ ಇರಬೇಕು, ಕಫ ಪರೀಕ್ಷೆ ಮಾಡಿಸಿ.’ ಮಾತು ಸರಿಯೇ. ಎಚ್‌ಐವಿ ಇರುವವರ ಜೀವ ಹೆಚ್ಚು ತೆಗೆದಿರುವುದು ಟಿಬಿ. ಆದರೆ ಟಿಬಿ ಮಾತ್ರೆ ಮುಗಿದರೂ ಕೆಮ್ಮು ನಿಲ್ಲದಿದ್ದರೆ? ಶ್ವಾಸಕೋಶದ ಕ್ಯಾನ್ಸರಿನಲ್ಲೂ ಹೀಗೇ ಕೆಮ್ಮು, ಕಫದಲ್ಲಿ ರಕ್ತ, ಇಳಿಯುವ ತೂಕ. ಎಕ್ಸ್‌ರೇಯಲ್ಲೂ ಅದು ಟಿಬಿಯಂತೆ ಕಾಣಬಹುದು. ಅನುಮಾನ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಒಂದು ರೀತಿಯಲ್ಲಿ ಇದು ಆಯಸ್ಸು ಬೆಳೆದದ್ದರ ಫಲ. ಸರ್ಕಾರ ಉಚಿತ ಎಆರ್‌ಟಿ ಮಾತ್ರೆ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಂದು ಮೂವತ್ತರಲ್ಲಿದ್ದವರು ಇಂದು ಐವತ್ತು ದಾಟಿದ್ದಾರೆ. ಇನ್ನು ಬರುವುದು ವಯಸ್ಸಿನ ಕಾಯಿಲೆಗಳ ಸರದಿ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಚ್‌ಐವಿ ಇರುವವರಿಗೆ ಉಳಿದವರಿಗಿಂತ ಹೆಚ್ಚು. ಧೂಮಪಾನ ಅದರ ದೊಡ್ಡ ಕಾರಣ. ಅದನ್ನು ಲೆಕ್ಕದಿಂದ ಬಿಟ್ಟರೂ ಅಪಾಯ ಪೂರ್ತಿ ಇಲ್ಲವಾಗುವುದಿಲ್ಲ. ಕುಗ್ಗಿದ ರೋಗನಿರೋಧಕ ಶಕ್ತಿ, ಮತ್ತೆ ಮತ್ತೆ ಬಂದ ನ್ಯುಮೋನಿಯಾ, ಒಳಗೇ ಉಳಿದ ಉರಿಯೂತ ಇವೂ ಕಾರಣವಿರಬಹುದು ಎನ್ನುತ್ತಾರೆ ವೈದ್ಯರು.

ಸಂಶೋಧನೆಗೆಂದು ಗುಬ್ಬಿ ಕಡೆ ಓಡಾಡುವಾಗ ಹಿರಿಯರೊಬ್ಬರು ಬೀಡಿ ಕಟ್ಟು ತೋರಿಸಿ ನಕ್ಕಿದ್ದರು: ‘ದೊಡ್ ಕಾಯ್ಲೆನೇ ಮೈಯಾಗೈತೆ, ಇದೇನ್ ಮಾಡ್ತದೆ ಬಿಡವ್ವ.’ ಅವರು ಒಂದು ದಿನವೂ ಎಆರ್‌ಟಿ ಮಾತ್ರೆ ತಪ್ಪಿಸಿದವರಲ್ಲ. ಹಾಗೆ ಮಾತ್ರೆ ನುಂಗುವವರನ್ನು ಎಚ್‌ಐವಿಗಿಂತ ಮೊದಲು ಬೀಡಿಯೇ ಕೊಲ್ಲಬಹುದು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ತೊಡಕು ಗುಟ್ಟಿನದು. ಊರಲ್ಲಿ ಯಾರಾದರೂ ನೋಡಿಯಾರೆಂದು ಕುಣಿಗಲ್ಲಿನವರು ಮಾತ್ರೆಗಾಗಿ ತುಮಕೂರಿನ ಬಸ್ಸು ಹತ್ತುವುದುಂಟು. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಅಲ್ಲಿಗೆ ಹೋಗುವಾಗ ಎಆರ್‌ಟಿ ಪುಸ್ತಕವನ್ನು ಮನೆಯಲ್ಲೇ ಬಿಟ್ಟುಹೋಗುವ ಆಸೆ ಯಾರಿಗಾದರೂ ಆದೀತು. ಆದರೆ ಕೆಲವು ಎಆರ್‌ಟಿ ಔಷಧಿಗಳು ಕೀಮೋ ಔಷಧಿ ಮೈಯಲ್ಲಿ ಕರಗುವ ವೇಗವನ್ನೇ ಬದಲಿಸುತ್ತವೆ. ವೈದ್ಯರಿಗೆ ತಿಳಿದಿದ್ದರೆ ಔಷಧಿ ಹೊಂದಿಸಬಹುದು, ತಿಳಿಯದಿದ್ದರೆ ಅಪಾಯ. ಎಚ್‌ಐವಿ ಇದೆಯೆಂದು ಕ್ಯಾನ್ಸರ್ ಚಿಕಿತ್ಸೆ ಕೊಡದಿರಲು ವೈದ್ಯಕೀಯ ಕಾರಣವಿಲ್ಲ. ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು, ಗುಟ್ಟು ರಟ್ಟು ಮಾಡಬಾರದು ಎಂದು 2017ರ ಕಾಯ್ದೆ ಹೇಳುತ್ತದೆ. ಕಾಯ್ದೆ ಜಾರಿಯಾದದ್ದು 2018ರಲ್ಲಿ. ಭಯ ಮಾತ್ರ ಇನ್ನೂ ಹೋಗಿಲ್ಲ.

ಮಾತ್ರೆಗೆಂದು ಬಂದವರನ್ನು ‘ಬೀಡಿ ಸೇದ್ತೀರಾ? ಕೆಮ್ಮು ಹೋಯ್ತಾ?’ ಎಂದು ಪ್ರತಿ ಸಲವೂ ಕೇಳಬೇಕು. ಕೇಳುವ ದನಿಯಲ್ಲಿ ಆಪಾದನೆ ಇರದಿದ್ದರೆ ಜನ ನಿಜವನ್ನೇ ಹೇಳುತ್ತಾರೆ.