ಅವ್ವನ ಕಾಲಿಗೆ ನಿಲುಕುವ ಮನೆ

ಬೆಂಗಳೂರಿಗೆ ಮನೆ ಮಾಡಿಕೊಂಡು ಹೋಗುತ್ತೇವೆ ಅಂದರೆ ಸಿಂದಗಿ ಕಡೆ ಎರಡೇ ಪ್ರಶ್ನೆ ಕೇಳುತ್ತಾರೆ. "ಪಗಾರ ಎಷ್ಟ? ಬಾಡಗಿ ಎಷ್ಟ?" ಮೂರನೆಯದೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಮನೆಯಿಂದ ಹೊರಬಿದ್ದರೆ ಎಲ್ಲೆಲ್ಲಿಗೆ ನಡೆದು ಹೋಗಬಹುದು?

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅವ್ವನಿಂದ. ಅಪ್ಪ ತೀರಿಕೊಂಡ ಮೇಲೆ ಹೊಲ ಪಾಲಿಗೆ ಹಾಕಿ, ಅವ್ವನನ್ನೂ ಹೈಸ್ಕೂಲ್ ಓದುವ ತಮ್ಮನನ್ನೂ ನನ್ನ ಜೊತೆ ಕರೆದುಕೊಂಡು ಬರುವುದೆಂದು ಆಯಿತು. ನನ್ನ ಕೆಲಸ ಎಂ.ಜಿ. ರಸ್ತೆಯ ಹತ್ತಿರ. ಅವ್ವ ಕೇಳಿದ್ದು ಒಂದೇ: "ಅಲ್ಲಿ ಗಿರಣಿಗೆ ನಾ ಒಬ್ಬಾಕಿನ ಹೋಗಿ ಬರಬಹುದಾ?"

ಸಣ್ಣ ಮಾತು ಅನಿಸಬಹುದು. ಸಿಂದಗಿಯಲ್ಲಿ ನಮ್ಮ ಓಣಿಯಿಂದ ಸಂತೆ, ಗುಡಿ, ದವಾಖಾನೆ, ಗಿರಣಿ ಎಲ್ಲವೂ ಕಾಲಳತೆಯಲ್ಲಿವೆ. ಐವತ್ತೆಂಟು ವರ್ಷ ಅವ್ವ ಯಾರನ್ನೂ "ನನ್ನ ಅಲ್ಲಿ ತನಕ ಬಿಟ್ಟು ಬಾ" ಅಂದವಳಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಅಂಥ ಊರಿನಲ್ಲಿ ಗಾಡಿ ಹೊಡೆಯಲು ಬಾರದ ಹೆಣ್ಣುಮಗಳು ನಾಲ್ಕು ಗೋಡೆಯೊಳಗೆ ಉಳಿದುಬಿಡುವುದು ಬಹಳ ಸುಲಭ. ಬೆಳಿಗ್ಗೆ ನಾನು ಕೆಲಸಕ್ಕೆ, ತಮ್ಮ ಸಾಲಿಗೆ. ಸಂಜೆ ತನಕ ಅವ್ವ ಏನು ಮಾಡಬೇಕು?

ಎರಡು ಮನೆ ನೋಡಿದೆವು. ಒಂದು ಮಾಗಡಿ ರಸ್ತೆಯಲ್ಲಿ, ನೈಸ್ ರಸ್ತೆ ದಾಟಿದ ಮೇಲೆ ಬರುವ ಹೊಸ ಬಡಾವಣೆಯಲ್ಲಿ. ಎರಡು ಕೋಣೆ, ಗಾಳಿ ಬೆಳಕು ಚಲೋ, ಬಾಡಿಗೆ 10,500. ಆದರೆ ಮುಖ್ಯ ರಸ್ತೆಗೆ ಬರಲು ಒಂದೂವರೆ ಕಿ.ಮೀ. ನಡುವೆ ಖಾಲಿ ಸೈಟು, ನಾಯಿ, ಜಲ್ಲಿ ಲಾರಿ. ಇನ್ನೊಂದು ವಿಜಯನಗರದಲ್ಲಿ. ಹಳೇ ಕಟ್ಟಡದ ಮೊದಲ ಮಹಡಿ, ಒಂದೇ ಕೋಣೆ, ಒಂದು ಹಾಲು, ಬಾಡಿಗೆ 15,000. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ.

ಮನೆ ಹುಡುಕಲು ಜೊತೆಗೆ ಬಂದಿದ್ದ ಮಾವ, "ನಾಲ್ಕೂವರೆ ಸಾವಿರ ಹೆಚ್ಚಿಗಿ ಕೊಟ್ಟು ಸಣ್ಣ ಮನಿ ಯಾರ ಹಿಡೀತಾರ?" ಅಂದರು. ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆವು. ದೂರದ ಮನೆಯಾದರೆ ಸ್ಕೂಟರ್ ಬೇಕೇ ಬೇಕು. ಕಂತು ತಿಂಗಳಿಗೆ 3,000. ದಿನಕ್ಕೆ ಹೋಗಿ ಬರಲು ಸುಮಾರು 36 ಕಿ.ಮೀ., ಪೆಟ್ರೋಲ್ ಲೀಟರಿಗೆ ನೂರರ ಮೇಲೆ, ಅದಕ್ಕೆ 2,100. ಅವ್ವ ಎಲ್ಲಿಗೆ ಹೋಗಬೇಕೆಂದರೂ ಆಟೊ. ಮೀಟರ್ ಪ್ರಕಾರವೇ ಮೊದಲ 2 ಕಿ.ಮೀ.ಗೆ 36 ರೂಪಾಯಿ. ತಿಂಗಳಿಗೆ ಹದಿನಾಲ್ಕು ಸಲ ಹೋಗಿ ಬಂದರೆ ಸಾವಿರ ರೂಪಾಯಿ. ಎಲ್ಲಾ ಕೂಡಿಸಿದರೆ 16,600.

ವಿಜಯನಗರದಿಂದ ಎಂ.ಜಿ. ರಸ್ತೆಗೆ ನೇರಳೆ ಮಾರ್ಗದ ಮೆಟ್ರೊ ನೇರವಾಗಿ ಹೋಗುತ್ತದೆ, ಎಲ್ಲೂ ಇಳಿದು ಹತ್ತುವುದಿಲ್ಲ. ಹೊತ್ತಾಗಬಾರದೆಂದು ಬೆಳಿಗ್ಗೆ ಮೆಟ್ರೊ, ಸಂಜೆ ಬಿಎಂಟಿಸಿ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಲ್ಲ. ಹೀಗಾಗಿ ಓಡಾಟದ ಖರ್ಚು 1,300, ಒಟ್ಟು 16,300. ಹೆಚ್ಚು ಕಡಿಮೆ ಎರಡೂ ಒಂದೇ! ಬಾಡಿಗೆ ಕಣ್ಣಿಗೆ ಕಾಣುತ್ತದೆ, ಓಡಾಟದ ಖರ್ಚು ಚೂರುಚೂರಾಗಿ ಹೋಗುವುದರಿಂದ ಕಾಣುವುದಿಲ್ಲ.

ಕಷ್ಟವಾದದ್ದು ಡಿಪಾಸಿಟ್. ವಿಜಯನಗರದ ಮನೆಗೆ ಒಂದು ಲಕ್ಷ ಕೇಳಿದರು, ಅಲ್ಲಿಗಿಂತ ಎರಡು ಪಟ್ಟು. ಅವ್ವ ತನ್ನ ಬೋರಮಳ ಬ್ಯಾಂಕಿನಲ್ಲಿ ಅಡವಿಡಲು ಕೊಟ್ಟಳು. ಬ್ಯಾಡ ಅಂದೆ. "ಕೊಳ್ಳಾಗ ಹಾಕ್ಕೊಂಡು ಒಳಗ ಕುಂತ ಏನ್ ಮಾಡ್ಲಿ?" ಅಂದಳು.

ಆದರೂ ತಕ್ಷಣ ಒಪ್ಪಿಕೊಳ್ಳಲಿಲ್ಲ. ಮನೆ ನೋಡಲು ಎಲ್ಲರೂ ಭಾನುವಾರ ಬೆಳಿಗ್ಗೆ ಹೋಗುತ್ತಾರೆ. ಆಗ ಬೆಂಗಳೂರಿನ ಯಾವ ರಸ್ತೆಯಾದರೂ ಚಂದ ಕಾಣುತ್ತದೆ. ನಾವು ಕೆಲಸದ ದಿನ ಸಂಜೆ ಏಳಕ್ಕೆ ಅವ್ವನ ಜೊತೆ ನಡೆದು ನೋಡಿದೆವು. ಗಟ್ಟಿ ಆಳು ಹತ್ತು ನಿಮಿಷಕ್ಕೆ 800 ಮೀಟರ್ ನಡೆಯಬಹುದು. ಮೊಣಕಾಲು ನೋವಿರುವ ಅವ್ವನಿಗೆ 500 ಮೀಟರ್ ಅಂತ ಹಿಡಿದೆವು. ಅಷ್ಟರೊಳಗೆ ಹಾಲು, ಕಾಯಿಪಲ್ಲೆ, ಔಷಧಿ ಅಂಗಡಿ, ಗುಡಿ, ಕೂರಲು ಒಂದು ಪಾರ್ಕು ಸಿಕ್ಕವು. ಗಿರಣಿಯೂ ಸಿಕ್ಕಿತು, "ಜ್ವಾಳ ಬೀಸ್ತೀರಾ?" ಅಂತ ಅವ್ವನೇ ಕೇಳಿ ಖಾತ್ರಿ ಮಾಡಿಕೊಂಡಳು. ಇವೆಲ್ಲ ಕಾರ್ಡ್ ರೋಡ್ ದಾಟದೆ ಸಿಗುತ್ತವೆ ಅನ್ನುವುದೇ ನಮಗೆ ದೊಡ್ಡದು. ಅಂಗಡಿ ಎಷ್ಟೇ ಹತ್ತಿರವಿದ್ದರೂ ನಡುವೆ ಅಂಥ ದೊಡ್ಡ ರಸ್ತೆ ಬಂದರೆ ವಯಸ್ಸಾದವರಿಗೆ ಅದು ಹೊಳಿ ಇದ್ದಂಗೆ.

ಫುಟ್‌ಪಾತ್ ವಿಷಯದಲ್ಲಿ ವಿಜಯನಗರವೂ ಸ್ವರ್ಗವಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು 6 ಅಡಿ ಅಗಲ ಖಾಲಿ ಇರಬೇಕು. ಎತ್ತರ 15 ಸೆಂ.ಮೀ. ಮೀರಬಾರದು. ನಮ್ಮ ಬೀದಿಯಲ್ಲಿ ಆ ಆರು ಅಡಿಯೊಳಗೆ ಟ್ರಾನ್ಸ್‌ಫಾರ್ಮರ್ ಇದೆ, ಬೈಕುಗಳಿವೆ, ಅಲುಗಾಡುವ ಚಪ್ಪಡಿಗಳಿವೆ. ಅವ್ವ ರಸ್ತೆಯ ಅಂಚಿಗೇ ನಡೆಯುತ್ತಾಳೆ. ಆದರೂ ಅಡ್ಡರಸ್ತೆಗಳಲ್ಲಿ ಗಾಡಿಗಳು ನಿಧಾನ, ಅಂಗಡಿಯ ಬೆಳಕು ರಾತ್ರಿ ಒಂಬತ್ತರ ತನಕ ಇರುತ್ತದೆ, ಜನ ಇರುತ್ತಾರೆ. 1898ರ ಪ್ಲೇಗ್ ಆದಮೇಲೆ ಬೆಳೆದ ಮಲ್ಲೇಶ್ವರ, ಬಸವನಗುಡಿ ಇವತ್ತಿಗೂ ನಡೆಯುವವರಿಗೆ ಹಿತ. ಅವು ಹುಟ್ಟಿದಾಗ ಜನರ ಹತ್ತಿರ ಕಾರು ಇರಲಿಲ್ಲ. ಅಲ್ಲಿನ ಬಾಡಿಗೆ ಮಾತ್ರ ನಮ್ಮ ಕೈಗೆ ನಿಲುಕಲಿಲ್ಲ.

ಆರು ತಿಂಗಳಾಯಿತು. ಮೊದಲ ಮೂರು ವಾರ ಅವ್ವ ಕಿಟಕಿಯಲ್ಲೇ ನಿಂತಿದ್ದಳು. ಆಮೇಲೆ ಹಾಲಿಗೆ, ಆಮೇಲೆ ಗುಡಿಗೆ, ಕಡೆಗೆ ಡಬ್ಬಿ ಹಿಡಿದು ಗಿರಣಿಗೆ. ಅಲ್ಲಿ ಮುದ್ದೇಬಿಹಾಳ ಕಡೆಯ ಒಬ್ಬ ಬಾಯಿಯ ಪರಿಚಯವಾಯಿತು. ಈಗ ಇಬ್ಬರೂ ಕೂಡಿಯೇ ಹೋಗುತ್ತಾರೆ. ತಮ್ಮ ಹಂಪಿನಗರದ ಗ್ರಂಥಾಲಯಕ್ಕೆ ನಡೆದು ಹೋಗುತ್ತಾನೆ. ಬೋರಮಳ ಇನ್ನೂ ಬ್ಯಾಂಕಿನಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದೇನೆ.

ನಮ್ಮ ತಾಲೂಕಿನಿಂದ ಗುಳೆ ಬರುವ ಎಲ್ಲರಿಗೂ ಹೀಗೆ ಆರಿಸಿಕೊಳ್ಳುವ ಅವಕಾಶ ಇಲ್ಲ, ಗೊತ್ತಿದೆ. ಕಟ್ಟಡ ಕೆಲಸಕ್ಕೆ ಬಂದವರು ಮೇಸ್ತ್ರಿ ತೋರಿಸಿದ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ, ಸಂತೆಗೂ ದವಾಖಾನೆಗೂ ಲಾರಿಗಳ ಮಗ್ಗುಲಲ್ಲೇ ನಡೆಯುತ್ತಾರೆ. ಬೆಂಗಳೂರಿನಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವರು ಅವರು. ಫುಟ್‌ಪಾತ್ ಇಲ್ಲದಿರುವುದೂ ಅವರ ಬೀದಿಗಳಲ್ಲೇ. ಒಳ್ಳೆಯ ಫುಟ್‌ಪಾತ್ ಕೇಳುವುದು ವಾಕಿಂಗ್ ಮಾಡುವ ಶ್ರೀಮಂತರ ಬೇಡಿಕೆ ಅಂತ ಯಾರಾದರೂ ಅಂದರೆ ಇವರನ್ನು ತೋರಿಸಬೇಕು.

ಇದು ಬೆಂಗಳೂರಿಗೆ ಹೊರಟವರಿಗೆ ಮಾತ್ರ ಹೇಳುವ ಮಾತಲ್ಲ. ಸಿಂದಗಿಯಲ್ಲೂ ಹೆದ್ದಾರಿ ಗುಂಟ ಊರಾಚೆ ಎನ್‌ಎ ಪ್ಲಾಟ್ ಕೊಳ್ಳುತ್ತಿದ್ದೇವೆ. ಕಡಿಮೆ ರೇಟು, ಮುಂದೆ ಬೆಲೆ ಬರುತ್ತದೆ ಅನ್ನುವ ಲೆಕ್ಕ ಎಲ್ಲರೂ ಹಾಕುತ್ತಾರೆ. ಅಲ್ಲಿ ಮನೆ ಕಟ್ಟಿಸಿದ ಮೇಲೆ ಅವ್ವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಓಡಾಡುವವರು ಯಾರು? ಉತಾರಿ ನೋಡಿ, ನೀರು ಕೇಳಿ, ದಾರಿಯ ಅಗಲ ಅಳೆಯಿರಿ. ಸಂಚಕಾರ ಕೊಡುವ ಮೊದಲು ಅವ್ವನನ್ನು ಕರೆದುಕೊಂಡು ಹೋಗಿ, ಅಲ್ಲಿಂದ ಗಿರಣಿ ತನಕ ಒಮ್ಮೆ ನಡೆದು ನೋಡಿ.