ಆದವಾನಿಯಿಂದ ಪಡುವಣಕ್ಕೆ

ರಾಯಚೂರಿನ ಕಡೆಯಿಂದ ಬರುವ ರೈಲಿನಲ್ಲಿ ಬೆಳಗಿನ ಹೊತ್ತು ಆದವಾನಿಯಲ್ಲಿ ಇಳಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಊರಿನಾಚೆಗೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳ ಬೆಟ್ಟ. ವಿಜಯನಗರದವರು, ಬಿಜಾಪುರದವರು, ಮೊಗಲರು, ಟಿಪ್ಪು ಸುಲ್ತಾನ ಎಲ್ಲರೂ ಈ ಕೋಟೆಗಾಗಿ ಸೆಣಸಿದವರೇ. ಊರೊಳಗೆ 17ನೆಯ ಶತಮಾನದಲ್ಲಿ ಬಿಜಾಪುರದ ಅಧಿಕಾರಿ ಸಿದ್ದಿ ಮಸೂದ್ ಖಾನನು ಕಟ್ಟಿಸಿದ ಜಾಮಿಯಾ ಮಸೀದಿ ಇಂದಿಗೂ ಗಂಭೀರವಾಗಿ ನಿಂತಿದೆ. ನಿಲ್ದಾಣದ ಫಲಕದಲ್ಲಿ ಈ ಊರು ಆದೋನಿ. ನಮ್ಮ ಅಜ್ಜಿಯರ ಬಾಯಲ್ಲಿ ಮಾತ್ರ ಆದವಾನಿ. ನಾನು ಅಜ್ಜಿಯ ಪಕ್ಷದವನು.

ಸುಗ್ಗಿಯ ದಿನಗಳಲ್ಲಿ ಈ ಊರಿಗೆ ಬಂದರೆ ಗಾಳಿಯಲ್ಲಿಯೇ ಹತ್ತಿ ತೇಲುತ್ತಿರುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಅರಳೆಯ ರಾಶಿಗಳ ನಡುವೆ ನಿಂತು ಕಿವಿಗೊಟ್ಟು ಕೇಳಿರಿ: ದರದ ಚೌಕಾಸಿ ತೆಲುಗಿನಲ್ಲಿ ಆರಂಭವಾಗಿ, ಉರ್ದುವಿನಲ್ಲಿ ಬಿಸಿಯೇರಿ, ಕನ್ನಡದಲ್ಲಿ ಮುಗಿಯುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿದವು. ಬಳ್ಳಾರಿ ಈ ಕಡೆಗೆ ಉಳಿಯಿತು. ‘ಆ ಕಡೆ’, ‘ಈ ಕಡೆ’ ಎಂದು ಬರೆಯುವಾಗ ನನ್ನ ಲೇಖನಿ ಸ್ವಲ್ಪ ತಡವರಿಸುತ್ತದೆ. ನಾನು ಇರುವುದು ಆ ಕಡೆ. ಓದುವ ನಿಮ್ಮಲ್ಲಿ ಅನೇಕರು ಅಲ್ಲಿಯವರೇ. ನಮ್ಮ ಪಾಲಿಗೆ ಅದೇ ‘ಈ ಕಡೆ’ ಅಲ್ಲವೇ?

ನಾನು ಈ ಸಾರಿ ಆದವಾನಿಗೆ ಬಂದದ್ದು ಹತ್ತಿಗಾಗಿಯೂ ಅಲ್ಲ, ಕೋಟೆಗಾಗಿಯೂ ಅಲ್ಲ. ಹೊಳಗುಂದದ ಕಡೆಗೆ ಹೋಗುವ ಬಸ್ಸನ್ನು ಹಿಡಿದು, ಅಲ್ಲಿಂದ ಮುಂದಿನ ಒಂದು ಹಳ್ಳಿಯ ದೇವಾಲಯದಲ್ಲಿ ಸುಗ್ಗಿ ಹಬ್ಬದ ಆರಾಧನೆಗೆ ಸೇರಬೇಕಾಗಿತ್ತು. ಆ ಹಳ್ಳಿಯ ಹೆಸರನ್ನು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಬಸ್ಸು ಊರು ದಾಟಿದ ಮೇಲೆ ಎರೆಭೂಮಿ ತೆರೆದುಕೊಳ್ಳುತ್ತದೆ. ಹತ್ತಿ, ಜೋಳ, ಕಡಲೆ, ನಡುನಡುವೆ ಮೆಣಸಿನಕಾಯಿ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ತಲುಪಿದ ಹೊಲಗಳು ಹಸುರಾಗಿಯೂ, ಅದರಿಂದ ಒಂದು ಕೂಗಳತೆ ಮೇಲಿರುವ ಹೊಲಗಳು ಮಳೆಯನ್ನೇ ನಂಬಿಕೊಂಡು ಮಂಕಾಗಿಯೂ ಕಾಣುತ್ತವೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಹೊಳಗುಂದದ ಸೀಮೆಯಿಂದ ಸಂಸಾರಗಳೇ ಗುಂಟೂರಿನ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಗುಳೆ ಹೊರಡುತ್ತವೆ. ನನ್ನ ಶಾಲೆಯ ಹಾಜರಿ ಪುಸ್ತಕದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಸೊನ್ನೆಗಳ ಸಾಲು ಬೀಳುವುದು ಅದರಿಂದಲೇ. ದೇವಾಲಯದ ಬೆಂಚುಗಳೂ ಹಾಗೆಯೇ ಬರಿದಾಗುತ್ತವೆ. ಪಟ್ಟಣದಿಂದ ಒಂದು ಭಾನುವಾರ ಬಂದು ಹೋಗುವ ಅತಿಥಿ ಪ್ರಸಂಗಿಗಳು ಆ ಬರಿದಾದ ಬೆಂಚುಗಳನ್ನು ನೋಡಿ, ಈ ಸಭೆ ವಿಶ್ವಾಸದಲ್ಲಿ ತಣ್ಣಗಾಗಿದೆ ಎಂದು ಕಠಿಣವಾಗಿ ಪ್ರಸಂಗಿಸಿದ್ದನ್ನು ಎರಡು ಬಾರಿ ಕೇಳಿದ್ದೇನೆ. ಬೆಂಚು ಬಿಟ್ಟುಹೋದವರು ಆ ಹೊತ್ತಿಗೆ ಗುಂಟೂರಿನ ಹೊಲದಲ್ಲಿ ಕೂತು ಕೈಯುರಿ ಸಹಿಸುತ್ತಿದ್ದರು.

ಅತಿಥಿಗಳ ಮಾತು ಇರಲಿ. ನನ್ನದೇ ಒಂದು ತಪ್ಪನ್ನು ನಿವೇದಿಸಿಕೊಳ್ಳಲೆಂದೇ ಈ ಲೇಖನಕ್ಕೆ ಕೈಹಾಕಿದ್ದೇನೆ.

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಆ ಹಳ್ಳಿಯ ಸಭೆಯಲ್ಲಿ ಆರಾಧನೆ ತೆಲುಗಿನಲ್ಲಿ ನಡೆದರೂ, ತೆಲುಗು ಪಾಠವಾದ ಮೇಲೆ ಸತ್ಯವೇದದ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಓದುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಿಸಲು ವರ್ಷಗಟ್ಟಲೆ ದುಡಿದದ್ದನ್ನು ನಮ್ಮ ಮನೆಗಳಲ್ಲಿ ಇನ್ನೂ ಅಭಿಮಾನದಿಂದ ಹೇಳುತ್ತಾರೆ. ಆ ಪಾಠವನ್ನು ಓದುತ್ತಿದ್ದವರು ಸಭೆಯ ಒಬ್ಬ ಹಿರಿಯರು. ಅವರಿಗೆ ಮುಂಚೆ ಅವರ ತಂದೆ ಓದುತ್ತಿದ್ದರಂತೆ. ನಾನು ತಿಂಗಳಿಗೊಮ್ಮೆ ಮಾತ್ರ ಅಲ್ಲಿಗೆ ಹೋಗುತ್ತಿದ್ದವನಾದರೂ ಆ ಒಂದು ಅಧ್ಯಾಯಕ್ಕಾಗಿಯೇ ಹೋಗುತ್ತಿದ್ದೆ ಎಂದರೆ ತಪ್ಪಾಗದು.

ಆ ವರ್ಷ ಹೊಸ ಸಭಾಪಾಲಕರು ಬಂದರು. ನಂದ್ಯಾಲದ ಕಡೆಯವರು, ಕನ್ನಡ ಬಾರದು. ಅವರು ಬಂದ ನಾಲ್ಕನೆಯ ತಿಂಗಳಿಗೆ ಕನ್ನಡ ಪಾಠ ನಿಂತಿತು. ಕೇಳಿದವರಿಗೆ, ಸದ್ಯಕ್ಕೆ ಬೇಡ, ಆಮೇಲೆ ನೋಡೋಣ ಎಂದಷ್ಟೇ ಉತ್ತರ.

‘ನಂದ್ಯಾಲದ ಕಡೆಯವರು’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ಹಳೆಯ ಭಾರವಿದೆ. ಅದನ್ನು ತಿಳಿಸದೆ ಮುಂದಿನ ಕಥೆ ಅರ್ಥವಾಗದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಲಂಡನ್ ಮಿಷನ್ನಿನ ಸಭೆಗಳನ್ನೊಳಗೊಂಡ ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ದಕ್ಷಿಣ ಭಾರತ ಸಭೆಯನ್ನು ಸ್ಥಾಪಿಸಿದರು. ನಂದ್ಯಾಲದ ಸೀಮೆಯ ಆಂಗ್ಲಿಕನ್ ಸಭೆಗಳಲ್ಲಿ ಬಹುಭಾಗ ಅದಕ್ಕೆ ಸೇರಲಿಲ್ಲ. ಹೊರಗೇ ಉಳಿದು, ಕಡೆಗೆ 1975ರಲ್ಲಿ ಸೇರಿದವು. ಒಂದೇ ಕರ್ನೂಲು ಜಿಲ್ಲೆಯೊಳಗೆ, ಒಂದೇ ದೇವರನ್ನು ಒಂದೇ ತೆಲುಗಿನಲ್ಲಿ ಪ್ರಾರ್ಥಿಸುವವರು ಇಪ್ಪತ್ತೆಂಟು ವರ್ಷ ಬೇರೆಬೇರೆಯಾಗಿದ್ದರು. ಇವರು ಹಟಮಾರಿಗಳು, ಬಿಳಿಯರ ನೆರಳನ್ನು ಬಿಡಲೊಲ್ಲದವರು ಎಂದು ನಮ್ಮ ಹಿರಿಯರ ತೀರ್ಪು. ಅವರ ಮನಸ್ಸಿನಲ್ಲಿದ್ದ ಅಳುಕು ಬೇರೆಯೇ. ಬಿಷಪ್ಪರ ಹಸ್ತದಿಂದ ದೀಕ್ಷೆ ಪಡೆಯದ ಬೋಧಕರು ಕರ್ತನ ಭೋಜನವನ್ನು ನಡೆಸಬಹುದೇ ಎಂಬುದು ಅವರ ಪಾಲಿಗೆ ಪಂತವಲ್ಲ, ಮನಸ್ಸಾಕ್ಷಿಯ ಪ್ರಶ್ನೆ. ಐಕ್ಯವನ್ನು ಕಟ್ಟಿದ ಹಿರಿಯರಿಗೆ ಈ ಅಳುಕಿನ ಅರಿವಿದ್ದಿತು; ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಬೋಧಕರನ್ನು ಹೇರುವುದಿಲ್ಲವೆಂದು ಮುಂಚೆಯೇ ಮಾತು ಕೊಟ್ಟಿದ್ದರು. ಇತ್ತ ಐಕ್ಯಕ್ಕೆ ಸೇರಿದ ನಮ್ಮವರನ್ನೂ ಇಂಗ್ಲೆಂಡಿನ ಅನೇಕರು ಅಷ್ಟೇ ಸಂದೇಹದಿಂದ ನೋಡಿದರು. 1948ರ ಲ್ಯಾಂಬೆತ್ ಸಮ್ಮೇಳನವೂ ಪೂರ್ಣ ಮನಸ್ಸಿನಿಂದ ಅಂಗೀಕರಿಸಲಿಲ್ಲ. ಹೀಗೆ ಪರರ ತೀರ್ಪಿನಿಂದ ನೊಂದವರೇ ನೆರೆಯವರ ಮೇಲೆ ತೀರ್ಪು ಹೊರಿಸುತ್ತಿದ್ದೆವು. ಇವೆಲ್ಲವನ್ನೂ ನಾನು ಓದಿ ತಿಳಿದದ್ದು ಬಹಳ ತಡವಾಗಿ. ಅಂದು ನನ್ನ ತಲೆಯಲ್ಲಿದ್ದದ್ದು ‘ನಂದ್ಯಾಲದ ಕಡೆಯವರು’ ಎಂಬ ಎರಡು ಪದ ಮಾತ್ರ.

ಆ ಎರಡು ಪದಗಳ ಬಲದಿಂದಲೇ ಪತ್ರ ಬರೆದೆ. ಸಭೆಯ ಸಮಿತಿಗೆ, ಅಚ್ಚ ಕನ್ನಡದಲ್ಲಿ, ಎರಡು ಪುಟ. ಕನ್ನಡ ಪಾಠವನ್ನು ಮರಳಿ ಆರಂಭಿಸಬೇಕೆಂದು ‘ಆಗ್ರಹಪಡಿಸುತ್ತೇನೆ’ ಎಂದು ಮುಗಿಸಿದ್ದೆ. ಕನ್ನಡದಲ್ಲಿ ಆಗ್ರಹವೆಂದರೆ ಒತ್ತಾಯ. ತೆಲುಗಿನಲ್ಲಿ ಅದೇ ಪದಕ್ಕೆ ಸಿಟ್ಟು ಎಂದರ್ಥ. ಸಮಿತಿಯಲ್ಲಿ ಅದನ್ನು ಓದಿ ಕೇಳಿಸಿದಾಗ ತೆಲುಗರು ಮೇಷ್ಟ್ರು ಬಹಳ ಕೋಪಗೊಂಡಿದ್ದಾರೆ ಎಂದುಕೊಂಡರಂತೆ. ಅವರು ತಪ್ಪು ತಿಳಿದರೆಂದು ಆಮೇಲೆ ಹಲವರೊಡನೆ ನಗುತ್ತ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಅವರು ತಿಳಿದದ್ದೇ ಸರಿ.

ಪತ್ರಕ್ಕೆ ನಿಲ್ಲಲಿಲ್ಲ. ಬಳ್ಳಾರಿ, ಸಿರುಗುಪ್ಪದ ಬಂಧುಗಳಿಗೆ ಫೋನಿನಲ್ಲಿ ಹೇಳಿದೆ. ಮಾತು ಹೊಳೆ ದಾಟಿ ಮರಳಿ ಬರುವಾಗ ಬೆಳೆದು ಬಂತು: ಸಭಾಪಾಲಕರು ಕನ್ನಡ ಸತ್ಯವೇದವನ್ನು ವೇದಿಕೆಯಿಂದ ಎತ್ತಿಸಿದರಂತೆ, ಬೀರುವಿಗೆ ಬೀಗ ಹಾಕಿದರಂತೆ. ಕನ್ನಡದ ಮೂರು ಮನೆಗಳು ದೇವಾಲಯಕ್ಕೆ ಬರುವುದನ್ನೇ ಬಿಟ್ಟವು. ಅದೇ ದಿನಗಳಲ್ಲಿ ಆ ಹಳ್ಳಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ಒಂದನೆಯ ತರಗತಿಯ ಕನ್ನಡ ಪುಸ್ತಕದ ಹೆಚ್ಚಿನ ಪ್ರತಿ ಇದೆಯೇ ಎಂದು ಕೇಳಿದ್ದ. ಅವನು ಓದುತ್ತಿದ್ದದ್ದು ಆರನೆಯ ತರಗತಿ. ನಿನಗೇಕೋ ಎಂದು ಗದರಿಸಿ, ಏಕೆಂದು ಅವನ ಬಾಯಿಂದ ಕೇಳುವ ಮುಂಚೆಯೇ ಕಳಿಸಿಬಿಟ್ಟೆ. ಶಿಕ್ಷಕರ ತರಬೇತಿಯಲ್ಲಿ ನಮ್ಮ ಗುರುಗಳು ಪದೇಪದೇ ಹೇಳಿದ್ದೇನೆಂದರೆ, ತಪ್ಪು ಉತ್ತರ ಬರೆದ ಮಗುವಿಗೆ ಮೊದಲು ಸೊನ್ನೆ ಹಾಕದೆ ಈ ಉತ್ತರ ಹೇಗೆ ಬಂತು ಎಂದು ಕೇಳಬೇಕು ಎಂದು. ಲೆಕ್ಕದ ಪುಸ್ತಕಕ್ಕೆ ಮಾತ್ರ ಆ ನಿಯಮ ಎಂದು ತಿಳಿದಿದ್ದೆನೋ ಏನೋ.

ಎರಡು ತಿಂಗಳ ತರುವಾಯ, ಬೇರೆ ಕೆಲಸಕ್ಕೆಂದು ಆ ಹಳ್ಳಿಗೆ ಹೋದವನು ಮಳೆ ಬಂದದ್ದರಿಂದ ಅನಿವಾರ್ಯವಾಗಿ ಸಭಾಪಾಲಕರ ಮನೆಯ ಜಗಲಿ ಹತ್ತಿದೆ. “ರಂಡಿ, ಪಂತುಲುಗಾರು” ಎಂದು ಒಳಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಒಂದನೆಯ ತರಗತಿಯ ಕನ್ನಡ ಪುಸ್ತಕ, ಹಾಳೆಗಳು ಕಿತ್ತುಹೋದದ್ದು, ಹುಡುಗ ಇನ್ನೆಲ್ಲಿಂದಲೋ ಹುಡುಕಿ ತಂದುಕೊಟ್ಟದ್ದು. ಕ, ತ, ಶ ಅಕ್ಷರಗಳ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ತೆಲುಗು ಬಲ್ಲವರಿಗೆ ನಮ್ಮ ಲಿಪಿಯ ಬಹುಪಾಲು ಅಕ್ಷರಗಳು ಗುರುತು ಹತ್ತುತ್ತವೆ; ಇಂಥ ಕೆಲವು ಮಾತ್ರ ಮುಗ್ಗರಿಸುತ್ತವೆ. ಪಕ್ಕದಲ್ಲಿ ವೇದಿಕೆಯ ಕನ್ನಡ ಸತ್ಯವೇದ. ಎತ್ತಿಸಿದ್ದು ನಿಜ, ಓದಲು ಕಲಿಯುವುದಕ್ಕಾಗಿ ಮನೆಗೆ ತಂದಿದ್ದರು.

ಅವರು ಆಗಲೂ ಕಾರಣ ಹೇಳಲಿಲ್ಲ. ಹೇಳಿದವರು ಆ ಹಿರಿಯರೇ, ನಾನು ನೇರವಾಗಿ ಅವರ ಮನೆಗೆ ಹೋಗಿ ಕೇಳಿದಾಗ. “ಕಣ್ಣು ಹೋಗ್ಯಾವ ಮೇಷ್ಟ್ರೇ” ಎಂದರು. ಎರಡು ವರ್ಷದಿಂದ ಅಕ್ಷರ ಕಾಣುತ್ತಿರಲಿಲ್ಲ. ಸತ್ಯವೇದವನ್ನು ತೆರೆದಿಟ್ಟುಕೊಂಡು ಕಂಠಪಾಠದಿಂದಲೇ ಹೇಳುತ್ತಿದ್ದರು, ನಾವಾರೂ ಗಮನಿಸಿರಲಿಲ್ಲ. ಒಂದು ಭಾನುವಾರ ಓದಬೇಕಾಗಿದ್ದ ಅಧ್ಯಾಯವನ್ನು ಬಿಟ್ಟು ಬೇರೊಂದನ್ನು ಹೇಳಿಬಿಟ್ಟರು. ಕನ್ನಡ ತಿಳಿಯದ ಸಭಾಪಾಲಕರಿಗೆ ಮಾತ್ರ ಅದು ಹೊಳೆಯಿತು, ಏಕೆಂದರೆ ಅವರು ಕಿವಿಗೆ ಬಿದ್ದ ಹೆಸರುಗಳನ್ನೇ ಹಿಡಿದು ಪಾಠವನ್ನು ಅನುಸರಿಸುತ್ತಿದ್ದರು. ಆರಾಧನೆ ಮುಗಿದ ಮೇಲೆ ಒಬ್ಬರೇ ಬಂದು ಕೇಳಿದರು. ಊರಿಗೆ ತಿಳಿಸಬೇಡಿರೆಂದು ಹಿರಿಯರು ಕೈಮುಗಿದರು. ಬೇರೊಬ್ಬರನ್ನು ಓದಲು ನಿಲ್ಲಿಸಿದರೆ ಇವರನ್ನು ಇಳಿಸಿದಂತಾಗುತ್ತದೆ. ಸಭಾಪಾಲಕರೇ ಓದಿದರೆ ಯಾರೂ ಪ್ರಶ್ನಿಸರು. ಅದಕ್ಕೆ ಆ ಅಕ್ಷರಾಭ್ಯಾಸ. ತಿದ್ದಿಕೊಡಲು ನನ್ನನ್ನೇ ಕೇಳಬೇಕೆಂದು ಅವರು ಎಣಿಸಿದ್ದರಂತೆ. ಅಷ್ಟರಲ್ಲಿ ನನ್ನ ಪತ್ರ ಬಂತು.

ಆ ವರ್ಷದ ಸುಗ್ಗಿ ಹಬ್ಬದಲ್ಲಿ ಅವರು ಕನ್ನಡ ಪಾಠ ಓದಿದರು. ಯೆಹೋಶುವನ ಪುಸ್ತಕದ ಇಪ್ಪತ್ತೆರಡನೆಯ ಅಧ್ಯಾಯ. ಗಡಿಯಲ್ಲಿರುವ ನಮಗೆ ಅದು ಹೊಸದಾಗಿ ಕೇಳಿಸಿತು. ರೂಬೇನ್ಯರು, ಗಾದ್ಯರು, ಮನಸ್ಸೆಯ ಅರ್ಧ ಕುಲದವರು ಯೊರ್ದನ್ ಹೊಳೆಯ ಆಚೆಗೆ ತಮ್ಮ ಪಾಲಿನ ನೆಲಕ್ಕೆ ಹೋಗುವಾಗ ದಡದಲ್ಲಿ ಒಂದು ದೊಡ್ಡ ಬಲಿಪೀಠವನ್ನು ಕಟ್ಟುತ್ತಾರೆ. ದೇವರಿಗೆ ದ್ರೋಹ ಬಗೆದರೆಂದು ಈಚೆಯವರು ಯುದ್ಧಕ್ಕೆ ಕೂಡುತ್ತಾರೆ. ಆದರೆ ಹೊರಡುವ ಮುಂಚೆ ಫೀನೆಹಾಸನನ್ನೂ ಹತ್ತು ಮಂದಿ ಮುಖಂಡರನ್ನೂ ಕಳಿಸಿ ವಿಚಾರಿಸುತ್ತಾರೆ. ಬಲಿಗಾಗಿ ಕಟ್ಟಿದ್ದಲ್ಲ, ಹೊಳೆ ನಡುವೆ ಇದೆಯೆಂದು ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳನ್ನು ಹೊರಗಿನವರೆನ್ನಬಾರದಲ್ಲ, ಅದಕ್ಕೆ ಸಾಕ್ಷಿಯಾಗಿರಲೆಂದು ಕಟ್ಟಿದ್ದು ಎಂಬುದು ಆಚೆಯವರ ಉತ್ತರ. ಅದನ್ನು ಕೇಳಿ ಫೀನೆಹಾಸ ಹಿಂದಿರುಗುತ್ತಾನೆ. ಇದೇ ಫೀನೆಹಾಸ ಮೊದಲೊಮ್ಮೆ ವಿಚಾರಣೆಗೆ ಕಾಯದೆ ಈಟಿ ಹಿಡಿದು ನುಗ್ಗಿದವನು. ಪ್ರಶ್ನೆ ಕೇಳಲು ಅವನನ್ನೇ ಆರಿಸಿ ಕಳಿಸಿದ್ದು ನನಗೆ ಇಂದಿಗೂ ಸೋಜಿಗ.

ಓದು ತಡೆತಡೆದು ಸಾಗಿತು. ಹೆಸರುಗಳ ಬಳಿ ಸಭಾಪಾಲಕರು ನಿಂತಾಗಲೆಲ್ಲ ಮುಂದಿನ ಬೆಂಚಿನಿಂದ ಹಿರಿಯರು ಮುಖವೆತ್ತದೆ ಮೆಲ್ಲಗೆ ಮುಂದಿನ ಪದವನ್ನು ಹೇಳಿಕೊಡುತ್ತಿದ್ದರು.

ಈ ಸಾರಿ ನಾನು ಹೋದಾಗ ಹಿರಿಯರೂ ಇಲ್ಲ, ಆ ಸಭಾಪಾಲಕರೂ ಇಲ್ಲ. ಒಬ್ಬರು ತೀರಿಕೊಂಡು ಹತ್ತು ವರ್ಷವಾಯಿತು. ಇನ್ನೊಬ್ಬರು ನಿವೃತ್ತರಾಗಿ ನಂದ್ಯಾಲದ ಕಡೆಗೆ ಹೋದರು. 2022ರಿಂದ ಅದು ಬೇರೆ ಜಿಲ್ಲೆಯೂ ಆಗಿದೆ. ಕನ್ನಡ ಪಾಠವನ್ನು ಎಂಟನೆಯ ತರಗತಿಯ ಒಬ್ಬ ಹುಡುಗಿ ಓದಿದಳು, ಸ್ಪಷ್ಟವಾಗಿ, ಸ್ವಲ್ಪ ಅವಸರವಾಗಿ. ವೇದಿಕೆಯ ಮುಂದೆ ಜೋಳದ ತೆನೆ, ಹತ್ತಿಯ ಬುಟ್ಟಿ, ಕುಂಬಳಕಾಯಿ, ಕಾಲು ಕಟ್ಟಿದ ಎರಡು ಕೋಳಿ. ಹರಾಜಿನಲ್ಲಿ ಕುಂಬಳಕಾಯಿಯನ್ನು ನಾನೇ ಕೂಗಿ ಕೊಂಡೆ.

ಅಂದು ಬಿಟ್ಟುಹೋದ ಮೂರು ಮನೆಗಳಲ್ಲಿ ಎರಡು, ನಾನು ಹೋಗಿ ನಡೆದದ್ದನ್ನು ತಿಳಿಸಿ ಕ್ಷಮೆ ಕೇಳಿದ ಮೇಲೆ, ಆರು ತಿಂಗಳೊಳಗೆ ಮರಳಿದವು. ಮೂರನೆಯ ಮನೆಯ ಯಜಮಾನರು ನನ್ನ ಮಾತನ್ನು ಪೂರ್ತಿ ಕೇಳಿ, “ಹಂಗ ಹೇಳಿದವ್ರೂ ನೀವ, ಹಿಂಗ ಹೇಳವ್ರೂ ನೀವ” ಎಂದು ಎದ್ದುಹೋಗಿದ್ದರು. ಅವರು ಇಂದಿಗೂ ಬರುವುದಿಲ್ಲ. ಪ್ರತಿ ವರ್ಷವೂ ಸುಗ್ಗಿ ಹಬ್ಬದ ದಿನ ನಾನು ಆ ಮನೆಗೆ ಹೋಗುತ್ತೇನೆ. ಈ ಸಾರಿ ಅವರು ಇರಲಿಲ್ಲ. ಮಗನೊಡನೆ ಗುಂಟೂರಿಗೆ ಹೋಗಿದ್ದಾರಂತೆ. ಅವರ ಮನೆಯಾಕೆ ಕಟ್ಟೆಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಯುಗಾದಿಯ ಹೊತ್ತಿಗೆ ಬರುತ್ತಾರೆ ಎಂದರು. ಕುಂಬಳಕಾಯಿಯನ್ನು ಅಲ್ಲಿಯೇ ಇಟ್ಟು, ಯುಗಾದಿ ಕಳೆದ ಮೇಲೆ ಬರುತ್ತೇನೆಂದು ತಿಳಿಸಿ, ಆದವಾನಿಯ ಕಡೆಯ ಬಸ್ಸಿಗೆ ನಡೆದೆ.